ಅತಿವಾಹಕ ತಂತಿಯಿಂದ ಅವಕೆಂಪು ಫೋಟಾನ್‌ಗಳನ್ನು ಎಣಿಸುವ ಕ್ರಮ

1550 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಫೋಟಾನಿನ ಶಕ್ತಿ ಸುಮಾರು 0.8 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನ್ ಸಂವೇದಕವನ್ನು ಎಚ್ಚರಿಸಲು ಅದು ಸಾಲದು. ಆದರೆ ತೀರಾ ತಣ್ಣಗಾದಾಗ ರೋಧವಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕದಲ್ಲಿ ಎಲೆಕ್ಟ್ರಾನ್ ಜೋಡಿಯೊಂದನ್ನು ಬಿಡಿಸಲು ಕೆಲವೇ ಮಿಲಿಎಲೆಕ್ಟ್ರಾನ್ ವೋಲ್ಟ್ ಸಾಕಾಗುವುದರಿಂದ, ಒಂದೇ ಫೋಟಾನ್ ಹಲವು ಜೋಡಿಗಳನ್ನು ಒಡೆದು ಸಪೂರ ತಂತಿಯ ಒಂದು ತುಣುಕಿನ ಅತಿವಾಹಕತೆಯನ್ನು ಕ್ಷಣಕಾಲ ಕೆಡಿಸಬಲ್ಲದು. 2001ರಲ್ಲಿ ಭೌತವಿಜ್ಞಾನಿ ಗೋಲ್ಟ್ಸ್‌ಮನ್ ಮತ್ತು ಸಂಗಡಿಗರು ನಿಯೋಬಿಯಂ ನೈಟ್ರೈಡ್ ತಂತಿಯಲ್ಲಿ ಇದನ್ನು ತೋರಿಸಿಕೊಟ್ಟರು.

ಅಂಕುಡೊಂಕಾಗಿ ಹಾಸಿದ ಈ ತಂತಿಯ ದಪ್ಪ ಸುಮಾರು 5 ನ್ಯಾನೋಮೀಟರ್, ಅಗಲ ಸುಮಾರು 100. ಬೆಳಕನ್ನು ತರುವ ಫೈಬರಿನ ತುದಿ ಅದರ ನಡುವಿಗೆ ನೇರವಾಗಿ ಕೂತಿದೆಯೇ ಎಂಬುದನ್ನು, ತಂತಿಯನ್ನು ತಣ್ಣಗಿಡುವ ಶೀತಕ ಪೆಟ್ಟಿಗೆಯನ್ನು ಮುಚ್ಚುವ ಮೊದಲೇ ನೋಡಿಕೊಳ್ಳಬೇಕು. ಬಳಿಕ ಉಷ್ಣತೆಯನ್ನು 2.5 ಕೆಲ್ವಿನ್ ಆಸುಪಾಸಿಗೆ ಇಳಿಸಿ, 100 ಕಿಲೋಓಮ್ ರೋಧಕದ ಮೂಲಕ ಕಡಿಮೆ ಗದ್ದಲದ ವೋಲ್ಟೇಜ್ ಕೊಡಿ. 1 ವೋಲ್ಟಿಗೆ 10 ಮೈಕ್ರೋಆಂಪಿಯರ್ ಹರಿಯುತ್ತದೆ. ನಿಧಾನವಾಗಿ ಏರಿಸುತ್ತ ಹೋದರೆ ಒಂದು ಹಂತದಲ್ಲಿ ತಂತಿ ಅತಿವಾಹಕತೆ ಕಳೆದುಕೊಂಡು ಅದರ ಮೇಲಿನ ವೋಲ್ಟೇಜ್ ದಿಢೀರನೆ ಜಿಗಿಯುತ್ತದೆ. ಆ ಪ್ರವಾಹವನ್ನು ಬರೆದಿಟ್ಟುಕೊಂಡು, ಶೂನ್ಯಕ್ಕೆ ಇಳಿಸಿ, ಅದಕ್ಕಿಂತ ತುಸು ಕೆಳಗೆ ನಿಲ್ಲಿಸಿ.

ಫೋಟಾನ್ ಬಿದ್ದಾಗ ಆ ತುಣುಕಿನ ರೋಧ ಕಿಲೋಓಮ್‌ಗಳಿಗೆ ಏರಿ, ಪ್ರವಾಹವು 50 ಓಮ್‌ನ ವರ್ಧಕದತ್ತ ತಿರುಗುತ್ತದೆ. ಹೀಗೆ ಹುಟ್ಟುವ ವೋಲ್ಟೇಜ್ ಸ್ಪಂದದ ಎತ್ತರ ಅರ್ಧ ಮಿಲಿವೋಲ್ಟ್ ಅಷ್ಟೇ ಆದ್ದರಿಂದ ಅದನ್ನು ವರ್ಧಿಸಿ, ಎಣಿಕೆಯ ಮಿತಿಯನ್ನು ಗದ್ದಲಕ್ಕಿಂತ ಮೇಲೆ, ಸ್ಪಂದದ ಅರ್ಧ ಎತ್ತರದಲ್ಲಿ ಇರಿಸುವುದು ಒಳ್ಳೆಯದು.

ಬೆಳಕಿನ ಅಳತೆಯಲ್ಲಿ ಆತುರ ಸಲ್ಲದು. 12.8 ಮೈಕ್ರೋವ್ಯಾಟ್ ಲೇಸರನ್ನು ಮೀಟರಿನಲ್ಲಿ ಅಳೆದು, ತಲಾ 30 ಡೆಸಿಬೆಲ್‌ನ, ಅಂದರೆ ಬೆಳಕನ್ನು ಸಾವಿರದಲ್ಲೊಂದು ಪಾಲಿಗೆ ತಗ್ಗಿಸುವ, ಮೂರು ಕ್ಷೀಣಕಗಳ ಮೂಲಕ ಹಾಯಿಸಿದರೆ ಸೆಕೆಂಡಿಗೆ ಸುಮಾರು ಒಂದು ಲಕ್ಷ ಫೋಟಾನ್ ಉಳಿಯುತ್ತವೆ. ಪ್ರತಿ ಕ್ಷೀಣಕವನ್ನೂ ಬೇರೆಬೇರೆಯಾಗಿ ಅಳೆದಿರಬೇಕು. ಮೇಲೆ ಅಚ್ಚಾದ ಅಂಕಿಯನ್ನು ನಂಬಿದರೆ ದಕ್ಷತೆಯ ಲೆಕ್ಕವೇ ತಪ್ಪುತ್ತದೆ. ತಂತಿಯ ಉದ್ದಕ್ಕೆ ಸಮಾನಾಂತರವಾಗಿ ಧ್ರುವೀಕರಣಗೊಂಡ ಬೆಳಕನ್ನು ಅದು ಹೆಚ್ಚು ಹೀರುವುದರಿಂದ, ಎಣಿಕೆ ಗರಿಷ್ಠವಾಗುವವರೆಗೆ ಧ್ರುವೀಕರಣ ನಿಯಂತ್ರಕವನ್ನು ತಿರುಗಿಸಿ.

ಇನ್ನು ಪ್ರವಾಹವನ್ನು ಹೆಜ್ಜೆಹೆಜ್ಜೆಯಾಗಿ ಏರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಲೇಸರ್ ಉರಿಸಿ ಒಮ್ಮೆ, ಆರಿಸಿ ಒಮ್ಮೆ ಎಣಿಸಿ. ಎರಡರ ವ್ಯತ್ಯಾಸ ಏರುವುದನ್ನು ನಿಲ್ಲಿಸಿ ಸಮತಟ್ಟಾದರೆ, ತಂತಿ ಹೀರಿದ ಫೋಟಾನ್‌ಗಳೆಲ್ಲ ಎಣಿಕೆಗೆ ಸಿಗುತ್ತಿವೆ ಎಂದು ತಿಳಿಯಬಹುದು. ಲೇಸರ್ ಆರಿಸಿದಾಗಲೂ ಸಿಗುವ ಕತ್ತಲ ಎಣಿಕೆ ಹೆಚ್ಚಿದ್ದರೆ ಫೈಬರಿನ ಹೊರತುದಿಯನ್ನು ಬಿಚ್ಚಿ ಮುಚ್ಚಿ ನೋಡಿ: ಆಗಲೂ ಇಳಿಯದಿದ್ದರೆ, ಕೋಣೆಯ ಉಷ್ಣತೆಯಲ್ಲಿರುವ ಫೈಬರೇ ಸೂಸುವ ಅವಕೆಂಪು ಒಳಗೆ ಬರುತ್ತಿರಬಹುದು. ಶೀತಭಾಗದಲ್ಲಿ ಫೈಬರನ್ನು ಚಿಕ್ಕ ಸುರುಳಿಯಾಗಿ ಸುತ್ತಿಟ್ಟರೆ ಉದ್ದ ತರಂಗಗಳು ಅಲ್ಲೇ ಸೋರಿಹೋಗುತ್ತವೆ.