ಮೊದಲು ತಾಯಂದಿರನ್ನು ಕರೆದೆ

ಗೇ, ಲೆಸ್ಬಿಯನ್ ಕ್ರೈಸ್ತರಿಗಾಗಿ ನಾನು ನಡೆಸುವ ಪ್ರಾರ್ಥನಾಕೂಟಕ್ಕೆ ಬಂದ 19 ಮಂದಿ ಕಳೆದ ಭಾನುವಾರ ಬೆಳಗಾವಿ ಕ್ಯಾಂಪಿನ ನನ್ನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಗೇ ಹುಡುಗರು, ನನ್ನಂಥ ಲೆಸ್ಬಿಯನ್ನರು ಸೇರಿ 11. ಉಳಿದವರು ಗೆಳೆಯರು, ತಾಯಂದಿರು, ಒಬ್ಬ ಅಣ್ಣ. "ಬೆಳಗಾವ್ಯಾಗ ಕ್ರೈಸ್ತರೇ ಎಷ್ಟ ಮಂದಿ ಅದಾರ, ಅದರಾಗ ನಿಮ್ಮಂಥವರು ಎಷ್ಟ? ಎರಡು ತಿಂಗಳದಾಗ ಬಂದ್ ಮಾಡ್ತಿ ನೋಡ" ಅಂದಿದ್ದ ಗೆಳತಿಯೇ ಅವತ್ತು ಅನ್ನ ಬಡಿಸಿದಳು.

2018ರ ಸೆಪ್ಟೆಂಬರಿನಲ್ಲಿ ಸಲಿಂಗಕಾಮ ಅಪರಾಧವಲ್ಲ ಎಂಬ 377ರ ತೀರ್ಪು ಬಂದ ಧೈರ್ಯದಲ್ಲಿ, ಕೂಟ ನಡೆಸಲು ಟಿಳಕವಾಡಿಯಲ್ಲಿ ಹಾಲ್ ಹಿಡಿದಿದ್ದೆ. ಸಂಜೆಗೆ 1,500 ರೂಪಾಯಿ, ಮೇಲೆ ಡಿಪಾಸಿಟ್. ಮೊದಲ ವಾರ ನಾಲ್ವರು, ಆಮೇಲೆ ಇಬ್ಬರು, ಮೂರನೇ ವಾರ ನಾನು ಮತ್ತು ವಾಚ್‌ಮನ್. ಹೊರಗೆ ನಿಂತ ಸ್ಕೂಟರ್ ಯಾರದೆಂದು ಗುರುತು ಹಿಡಿಯುವ ಊರಿದು. ವಿಷಯ ತಿಳಿದ ಮಾಲೀಕರು ಡಿಪಾಸಿಟ್ ಕೊಡಲಿಲ್ಲ. 9-10 ಸಾವಿರ ಹೋಯಿತು.

ಎರಡನೇ ತಪ್ಪು ಇನ್ನೂ ದೊಡ್ಡದು. ಮನೆಗೆ ಕರೆದು, ನಮ್ಮಂಥವರ ವಿರುದ್ಧ ಎತ್ತಿ ತೋರಿಸುವ ಬೈಬಲಿನ ಯಾಜಕಕಾಂಡ, ರೋಮಾಪುರದವರಿಗೆ ಬರೆದ ಪತ್ರಿಕೆಯ ವಚನಗಳನ್ನು ಬಿಡಿಸಿ ಹೇಳಲು ಹೊರಟೆ. ಮಾತಿಗೆ ಮಾತು ಬೆಳೆದು ಖಾನಾಪುರದಿಂದ ಬಂದಿದ್ದ ಹುಡುಗ ಅತ್ತುಬಿಟ್ಟ, ಮತ್ತೆ ಬರಲೇ ಇಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ದಾರಿ ತಿರುಗಿಸಿ ತಾಯಂದಿರ ಮನೆಗೇ ಹೋದೆ. ಒಬ್ಬರು ಮಗನನ್ನು "ಸರಿ ಮಾಡಿಸಲು" ಡಾಕ್ಟರರಿಗೆ 20-22 ಸಾವಿರ ಸುರಿದಿದ್ದರು. ಹಾಗೆ ಬದಲಾಯಿಸುವ ಚಿಕಿತ್ಸೆ ವೃತ್ತಿಯ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ ಎಂದೆ. "ಹಂಗಾದ್ರ ಇದು ಬ್ಯಾನಿ ಅಲ್ಲೇನ್ ಬಾಯಿ?" ಅಂತ ಎರಡು ಸಲ ಕೇಳಿದರು. ಮುಂದಿನ ಭಾನುವಾರ ಮಗನ ಜೊತೆ ಬಂದರು, ಡಬ್ಬಿ ತುಂಬ ಹುಗ್ಗಿ ತಂದಿದ್ದರು. ಅವರು ಇನ್ನಿಬ್ಬರನ್ನು ಕರೆತಂದರು. ಕ್ಯಾಥೊಲಿಕ್ ತಾಯಂದಿರಿಗೆ, ಒಂದೇ ಲಿಂಗದ ಜೋಡಿಗಳನ್ನು ಫಾದರ್ ಆಶೀರ್ವದಿಸಬಹುದೆಂದು ವ್ಯಾಟಿಕನ್ 2023ರ ಡಿಸೆಂಬರಿನಲ್ಲಿ ಹೇಳಿದ್ದನ್ನು ತಿಳಿಸುತ್ತೇನೆ. ಅದು ಮದುವೆಯಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಸುಳ್ಳು ಆಸೆ ಹುಟ್ಟಿಸಿದರೆ ಆ ತಾಯಿ ನಮ್ಮನ್ನು ಮತ್ತೆ ನಂಬುವುದಿಲ್ಲ.

ಈಗ ವಾದವಿಲ್ಲ. ಬೈಬಲಿನ ಒಂದು ಭಾಗವನ್ನು ಕನ್ನಡ, ಮರಾಠಿ, ಕೊಂಕಣಿಯಲ್ಲಿ ಓದುತ್ತೇವೆ, ಊಟ ಮಾಡುತ್ತೇವೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪಿಯದ ಕಂಚುಕಿ, ಅಂದರೆ ನಪುಂಸಕ ಅಧಿಕಾರಿ, ದೀಕ್ಷಾಸ್ನಾನಕ್ಕೆ ನನಗೇನು ಅಡ್ಡಿ ಎಂದು ಕೇಳುವುದನ್ನು ಓದಿದ ದಿನ ಸವದತ್ತಿ ಕಡೆಯ ತಾಯಿಯೊಬ್ಬರು, "ಯಲ್ಲಮ್ಮನ ಗುಡ್ಡದಾಗ ಜೋಗಪ್ಪಗ ಕೈ ಮುಗಿತಾರ, ನಮ್ಮ ಚರ್ಚಿನ್ಯಾಗ ನನ್ನ ಮಗಗ ಜಾಗ ಇಲ್ಲೇನ್ರಿ?" ಅಂದರು. ಯಲ್ಲಮ್ಮನಿಗೆ ಮುಡಿಪಾಗಿ ಹೆಣ್ಣುಡುಗೆ ತೊಡುವ ಜೋಗಪ್ಪಂದಿರ ಬದುಕೇ ಬೇರೆ, ಆದರೂ ಆ ಪ್ರಶ್ನೆಗೆ ಯಾರೂ ಎದುರಾಡಲಿಲ್ಲ.

ನಡುವೆ ಕ್ರಿಸ್‌ಮಸ್ ಹಾಡಿನ ತಂಡವನ್ನೂ ಕಟ್ಟಿ ನೋಡಿದೆ. ಕೀಬೋರ್ಡ್ ಬಾಡಿಗೆ 800 ಕೊಟ್ಟು ನಾಲ್ಕು ಮನೆಗೆ ಹೋದೆವು. ಹಾಡುತ್ತ ಹೋದವರನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ಈ ವರ್ಷ ಏಳು ಮನೆ.

ತಿಂಗಳಿಗೆ ಎರಡೂವರೆ-ಮೂರು ಸಾವಿರ ಖರ್ಚು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ, ತಾಯಂದಿರ ಬಸ್ ಚಾರ್ಜ್ ಉಳಿದಿದೆ. ಗೋಕಾಕ, ಅಥಣಿಯ ಹುಡುಗರಿಗೆ ಕಾಣಿಕೆ ಡಬ್ಬಿಯಿಂದ ಕೊಡುತ್ತೇವೆ. ಸಮಯ ಭಾನುವಾರ ಮಧ್ಯಾಹ್ನವೇ ಇರಲಿ: ಎಲ್ಲಿಗೆ ಅಂತ ಮನೆಯಲ್ಲಿ ಕೇಳಿದರೆ "ಪ್ರಾರ್ಥನೆಗೆ" ಅನ್ನಬಹುದು, ಅದು ನಿಜವೂ ಹೌದು. ಹೊಸಬರಿಗೆ ವಿಳಾಸ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳುತ್ತೇನೆ. ಯಾವುವೆಂದು ಇಲ್ಲಿ ಬರೆಯುವುದಿಲ್ಲ, ನಿಮ್ಮೂರಲ್ಲಿ ಶುರು ಮಾಡುವವರಿದ್ದರೆ ಎದುರಿಗೆ ಕೂತು ಹೇಳುತ್ತೇನೆ.

ಅಥಣಿಯಲ್ಲಿ ಒಬ್ಬ ತಾಯಿ ತಮ್ಮ ಅಡುಗೆಮನೆ ಬಿಟ್ಟುಕೊಡಲು ಒಪ್ಪಿದ್ದಾರೆ. ಆರು ಮಂದಿ ಕೂರಬಹುದು. ದೊಡ್ಡ ಪಾತ್ರೆ ನಾನು ಒಯ್ಯಬೇಕು.