ಮನೆ ಮಾರುವಾಗ ಏನನ್ನು ಬಿಡಬೇಕು, ಏನನ್ನು ಒಯ್ಯಬೇಕು?

ಬೆಂಗಳೂರಿನಲ್ಲಿ ಮನೆಯನ್ನು ಬಾಡಿಗೆಗೆ ಕೊಡುವಾಗ ಕರಾರು ಪತ್ರದ ಕೊನೆಯಲ್ಲಿ ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು, ಗೀಸರ್ ಎಷ್ಟು, ಬೀಗದ ಕೈ ಎಷ್ಟು ಜೊತೆ ಎಂದು ಪಟ್ಟಿ ಬರೆದು ಇಬ್ಬರೂ ಸಹಿ ಹಾಕುವ ರೂಢಿಯಿದೆ. ಅದೇ ಮನೆಯನ್ನು ಕೋಟಿಗಟ್ಟಲೆ ರೂಪಾಯಿಗೆ ಮಾರುವಾಗ ಮಾತ್ರ ಇಂತಹ ಪಟ್ಟಿಯನ್ನು ಬಹಳ ಮಂದಿ ಬರೆಯುವುದಿಲ್ಲ. ಮುಂಗಡ ಕೊಟ್ಟು ತೆಗೆದುಕೊಳ್ಳುವ ದಿನ ಎಲ್ಲರೂ ಖುಷಿಯಲ್ಲಿರುತ್ತಾರೆ, ಫ್ಯಾನಿನ ವಿಷಯ ಎತ್ತುವುದು ಸಣ್ಣತನವಾಗುತ್ತದೆ ಎಂದು ಸುಮ್ಮನಿರುತ್ತಾರೆ. ಆ ಸಂಕೋಚದ ಬೆಲೆಯನ್ನು ಬೀಗದ ಕೈ ಕೊಡುವ ದಿನ ತೆರಬೇಕಾಗುತ್ತದೆ: ಕೊಂಡವರು ಬಂದು ನೋಡಿದರೆ ಛಾವಣಿಯಿಂದ ವೈರು ನೇತಾಡುತ್ತಿರುತ್ತದೆ, ಅಡುಗೆಮನೆಯ ಗ್ರಾನೈಟಿನಲ್ಲಿ ಒಲೆ ಇದ್ದ ಜಾಗ ತೂತಾಗಿ ಕಾಣುತ್ತದೆ. ಆದ್ದರಿಂದ ಈ ನಿರ್ಧಾರವನ್ನು ಮನೆ ಮಾರಾಟಕ್ಕಿದೆ ಎಂದು ಮೊದಲನೆಯವರಿಗೆ ಹೇಳುವ ಮುನ್ನವೇ, ಮನೆಯವರೆಲ್ಲ ಕೂತು ಮಾಡಿಕೊಳ್ಳುವುದು ಒಳ್ಳೆಯದು.

ಕಾನೂನು ಎಲ್ಲಿಯವರೆಗೆ ಸಹಾಯ ಮಾಡುತ್ತದೆ

ಮಾರಾಟದ ಕರಾರಿನಲ್ಲಿ ಏನೂ ಬರೆಯದೆ ಬಿಟ್ಟಾಗ 1882ರ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಅದರ 8ನೇ ಸೆಕ್ಷನ್ ಪ್ರಕಾರ, ಬೇರೆ ಉದ್ದೇಶ ವ್ಯಕ್ತವಾಗಿಲ್ಲದಿದ್ದರೆ, ಮನೆಯೊಂದಿಗೆ ಅದರ ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯ ಕಾಯಂ ಬಳಕೆಗೆಂದು ಒದಗಿಸಿದ ಇತರ ಎಲ್ಲ ವಸ್ತುಗಳೂ ಕೊಳ್ಳುವವರಿಗೆ ಸೇರುತ್ತವೆ. 3ನೇ ಸೆಕ್ಷನ್ನಿನಲ್ಲಿ ನೆಲಕ್ಕೆ ಬೇರೂರಿದ ಮರಗಿಡ, ನೆಲದಲ್ಲಿ ಹುದುಗಿದ ಗೋಡೆ ಮತ್ತು ಕಟ್ಟಡ, ಆ ಕಟ್ಟಡದ ಕಾಯಂ ಉಪಯೋಗಕ್ಕಾಗಿ ಅದಕ್ಕೆ ಜೋಡಿಸಿದ ವಸ್ತು ಇವೆಲ್ಲವೂ ಭೂಮಿಗೆ ಸೇರಿದವು ಎಂಬ ವಿವರಣೆಯಿದೆ. ವ್ಯಾಜ್ಯ ಬಂದಾಗ ನ್ಯಾಯಾಲಯಗಳು ವಸ್ತುವನ್ನು ಹೇಗೆ ಜೋಡಿಸಲಾಗಿದೆ ಎಂಬುದರ ಜೊತೆಗೆ ಯಾವ ಉದ್ದೇಶಕ್ಕೆ ಜೋಡಿಸಲಾಗಿದೆ ಎಂಬುದನ್ನೂ ಪರಿಶೀಲಿಸುತ್ತವೆ. ಬಾಗಿಲು, ಕಿಟಕಿ, ನಲ್ಲಿ, ಕಮೋಡ್, ಗೋಡೆಯೊಳಗಿನ ಬೀರು ಇವುಗಳ ವಿಷಯದಲ್ಲಿ ಇಷ್ಟರಿಂದಲೇ ಉತ್ತರ ಸಿಗುತ್ತದೆ. ಫ್ಯಾನ್, ಗೀಸರ್, ಎ.ಸಿ., ಚಿಮಣಿಗಳ ವಿಷಯದಲ್ಲಿ ಸಿಗುವುದಿಲ್ಲ, ಏಕೆಂದರೆ ಅವು ಜೋಡಿಸಿದವೂ ಹೌದು, ಬಿಚ್ಚಬಹುದಾದವೂ ಹೌದು. ಕರಾರಿನಲ್ಲಿ ಬರೆದ ಮಾತೇ ಇಲ್ಲಿ ಜಗಳ ತಪ್ಪಿಸುತ್ತದೆ.

ಮೊದಲ ಹೆಜ್ಜೆ: ತಾರಸಿಯಿಂದ ಸಂಪಿನವರೆಗೆ

ಒಂದು ನೋಟ್‌ಬುಕ್ ಹಿಡಿದು ತಾರಸಿಯಿಂದ ಕೆಳಗಿಳಿಯುತ್ತಾ ಕಂಡದ್ದನ್ನೆಲ್ಲ ಬರೆದುಕೊಳ್ಳಿ. ನೀರಿಗೆ ಸಂಬಂಧಿಸಿದ ಯಾವುದನ್ನೂ ಬಿಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಸಂಪಿನ ಮೋಟರ್ ಇಲ್ಲದ ಮನೆಯಲ್ಲಿ ಒಂದು ದಿನವೂ ಇರಲಾಗದು. ಬೋರ್‌ವೆಲ್ಲಿನೊಳಗೆ ನೂರಾರು ಅಡಿ ಆಳದಲ್ಲಿ ಇಳಿಬಿಟ್ಟ ಪಂಪನ್ನು ಮೇಲೆತ್ತಿಸುವ ಖರ್ಚಿಗೆ ಹೋಲಿಸಿದರೆ ಹಳೆಯ ಪಂಪಿನಿಂದ ಸಿಗುವ ಲಾಭ ಅತ್ಯಲ್ಪ. ಪಂಪನ್ನು ಬಿಟ್ಟು ಅದರ ಸ್ಟಾರ್ಟರ್ ಪೆಟ್ಟಿಗೆಯನ್ನೋ ನೀರಿನ ಮಟ್ಟ ನೋಡಿ ತಾನೇ ಆಫ್ ಆಗುವ ಸಾಧನವನ್ನೋ ಒಯ್ಯುವುದೂ ಸಲ್ಲದು.

ಮಳೆನೀರು ಕೊಯ್ಲಿನ ಪೈಪು ಮತ್ತು ಫಿಲ್ಟರ್ ಕೂಡ ಇದೇ ಸಾಲಿಗೆ ಸೇರುತ್ತವೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ನಗರದ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಗಿದೆ. ಅದನ್ನು ಕಿತ್ತರೆ ಮುಂದೆ ನೀರಿನ ಬಿಲ್ಲಿನಲ್ಲಿ ದಂಡ ಕಟ್ಟಬೇಕಾಗುವುದು ಕೊಂಡವರು.

ಸೌರ ನೀರು ಕಾಯಿಸುವ ಘಟಕದ ಬಗ್ಗೆ ಸ್ವಲ್ಪ ವಿವರವಾಗಿ ಯೋಚಿಸಬೇಕು. ತಾರಸಿಯ ಮೇಲಿನ ಆ ತೊಟ್ಟಿ ಮತ್ತು ಗಾಜಿನ ಕೊಳವೆಗಳನ್ನು ನೋಡಿದರೆ ನಾಲ್ಕು ನಟ್ಟು ಬಿಚ್ಚಿ ಒಯ್ಯಬಹುದೆಂದು ತೋರುತ್ತದೆ. ಆದರೆ ಅದರಿಂದ ಹೊರಟ ಬಿಸಿನೀರಿನ ಪೈಪು ಗೋಡೆಯೊಳಗೆ ಇಳಿದು ಪ್ರತಿ ಬಚ್ಚಲುಮನೆಗೂ ಹೋಗಿರುತ್ತದೆ. ಘಟಕವನ್ನು ತೆಗೆದಾಗ ಆ ಪೈಪಿನ ಬಾಯಿ ತೆರೆದುಕೊಳ್ಳುತ್ತದೆ, ಸರಿಯಾಗಿ ಮುಚ್ಚದಿದ್ದರೆ ಸೋರುತ್ತದೆ. ಬೋರ್‌ವೆಲ್ ನೀರು ಬಳಸಿದ ಮನೆಯಲ್ಲಿ ತೊಟ್ಟಿಯೊಳಗೆ ಗಡಸು ನೀರಿನ ಸುಣ್ಣ ಕಟ್ಟಿರುತ್ತದೆ, ಗಾಜಿನ ಕೊಳವೆಗಳು ಸಾಗಿಸುವಾಗ ಒಡೆಯುತ್ತವೆ. ಇಷ್ಟು ತೊಂದರೆ ಪಟ್ಟು ಒಯ್ಯುವ ಬದಲು, ಎಷ್ಟು ಲೀಟರಿನದು, ಯಾವ ವರ್ಷ ಹಾಕಿಸಿದ್ದು ಎಂದು ಬರೆದು ಮನೆಯ ಜೊತೆಗೇ ಬಿಟ್ಟರೆ ಕೊಳ್ಳುವವರ ಕಣ್ಣಿಗೆ ಮನೆಯ ಬೆಲೆಯೇ ಹೆಚ್ಚುತ್ತದೆ.

ಸೌರ ವಿದ್ಯುತ್ ಫಲಕಗಳಿದ್ದರೆ ಕಾಗದದ ಕೆಲಸವೂ ಇರುತ್ತದೆ. ಹೆಚ್ಚುವರಿ ಸೌರ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು ಬಿಲ್ಲಿನಲ್ಲಿ ಹೊಂದಿಸಿಕೊಳ್ಳುವ ನೆಟ್ ಮೀಟರಿಂಗ್ ಒಪ್ಪಂದವು ಗ್ರಾಹಕರ ಹೆಸರಿನಲ್ಲಿ ಬೆಸ್ಕಾಂ ಜೊತೆಗೆ ಆಗಿರುತ್ತದೆ. ಫಲಕಗಳನ್ನು ಬಿಟ್ಟುಕೊಡುವುದಾದರೆ ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆಯ ಜೊತೆಗೆ ಈ ಒಪ್ಪಂದವೂ ಹೊಸ ಮಾಲೀಕರ ಹೆಸರಿಗೆ ಹೋಗಬೇಕು ಎಂದು ಕರಾರಿನಲ್ಲಿ ಒಂದು ಸಾಲು ಬರೆಯಿಸಿ.

ಎರಡನೆಯ ಹೆಜ್ಜೆ: ಮನೆಯೊಳಗೆ

ಫ್ಯಾನ್, ಟ್ಯೂಬ್‌ಲೈಟ್, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್, ಕಾಲಿಂಗ್ ಬೆಲ್, ಪರದೆಯ ಕಂಬಿಗಳನ್ನು ಬಿಟ್ಟುಬಿಡಿ. ಇವುಗಳ ಒಟ್ಟು ಬೆಲೆ ಮನೆಯ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲದಿದ್ದಾಗ ಉಂಟಾಗುವ ಬೇಸರ ಮಾತ್ರ ಬಹಳ ದೊಡ್ಡದು. ಹಜಾರದ ಗೊಂಚಲು ದೀಪವನ್ನೋ ಹೊಸದಾಗಿ ಹಾಕಿಸಿದ ಒಳ್ಳೆಯ ಫ್ಯಾನನ್ನೋ ಒಯ್ಯಲೇಬೇಕೆಂದಿದ್ದರೆ, ಮನೆ ತೋರಿಸುವ ಮುನ್ನವೇ ಇಳಿಸಿ ಅಲ್ಲಿಗೆ ಸಾಧಾರಣವಾದದ್ದನ್ನು ಹಾಕಿಸಿ. ಒಮ್ಮೆ ಕಣ್ಣಾರೆ ನೋಡಿದ್ದನ್ನು ಕೊಳ್ಳುವವರು ತಮ್ಮದೆಂದೇ ಭಾವಿಸುತ್ತಾರೆ. ಜಾಹೀರಾತಿಗೆ ತೆಗೆಯುವ ಫೋಟೊಗೂ ಈ ಮಾತು ಅನ್ವಯಿಸುತ್ತದೆ.

ಅಡುಗೆಮನೆಯಲ್ಲಿ ಅಳತೆಗೆ ತಕ್ಕಂತೆ ಮಾಡಿಸಿದ ಕಪಾಟುಗಳು ಬೇರೆ ಮನೆಗೆ ಹೊಂದುವುದಿಲ್ಲ. ಗ್ರಾನೈಟ್ ಕೊರೆದು ಕೂರಿಸಿದ ಗ್ಯಾಸ್ ಒಲೆ ಮತ್ತು ಗೋಡೆ ಕೊರೆದು ಕೊಳವೆ ಹಾಯಿಸಿದ ಚಿಮಣಿಯನ್ನು ತೆಗೆದರೆ ತೂತು ಉಳಿಯುತ್ತದೆ. ಇವನ್ನು ಬಿಡುವುದೇ ಸರಿ. ಫ್ರಿಜ್, ವಾಷಿಂಗ್ ಮೆಷಿನ್, ಮಿಕ್ಸಿ, ಗ್ರೈಂಡರ್ ನಿಮ್ಮವು. ನೀರು ಶುದ್ಧೀಕರಿಸುವ ಯಂತ್ರ ಗೋಡೆಗೆ ತಗಲಿಕೊಂಡಿದ್ದರೂ ಒಯ್ಯಬಹುದಾದ ವಸ್ತುವೇ, ಆದರೆ ಅದರ ನಲ್ಲಿಯ ಬಾಯಿಗೆ ಮುಚ್ಚಳ ಹಾಕಿಸಿ ಹೋಗಬೇಕು. ಅಡುಗೆ ಅನಿಲದ ಸಿಲಿಂಡರ್ ಮತ್ತು ರೆಗ್ಯುಲೇಟರ್ ಮಾರುವ ವಸ್ತುಗಳಲ್ಲ; ಅವು ಅನಿಲ ಕಂಪನಿಯ ಸ್ವತ್ತು. ಏಜೆನ್ಸಿಗೆ ಒಪ್ಪಿಸಿ ಠೇವಣಿ ಹಿಂಪಡೆಯಬೇಕು ಅಥವಾ ಸಂಪರ್ಕವನ್ನು ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳಬೇಕು.

ಎ.ಸಿ. ಒಯ್ಯುವವರು ಬಿಚ್ಚಿಸುವ ಕೂಲಿ, ಹೊಸ ಮನೆಯಲ್ಲಿ ಬೇಕಾಗುವ ತಾಮ್ರದ ಪೈಪು, ಅನಿಲ ತುಂಬಿಸುವ ಖರ್ಚು, ಹಳೆಯ ಗೋಡೆಯ ತೂತು ಮುಚ್ಚಿಸುವ ಖರ್ಚು ಇಷ್ಟನ್ನೂ ಕೂಡಿ ನೋಡಲಿ. ಹಳೆಯದಾದ ಎ.ಸಿ.ಗೆ ಈ ಖರ್ಚು ದಂಡ. ಯುಪಿಎಸ್ ಪೆಟ್ಟಿಗೆ ಮತ್ತು ಬ್ಯಾಟರಿಯನ್ನು ಒಯ್ಯಬಹುದು, ಅದಕ್ಕೆಂದು ಗೋಡೆಯೊಳಗೆ ಎಳೆದ ವೈರಿಂಗ್ ಮನೆಯದು. ಬಿಟ್ಟುಕೊಡುವುದಾದರೆ ಬ್ಯಾಟರಿ ಕೊಂಡ ತಿಂಗಳನ್ನು ಹೇಳಲೇಬೇಕು, ಏಕೆಂದರೆ ಕೆಲವೇ ವರ್ಷ ಬಾಳುವ ವಸ್ತುವಿನಲ್ಲಿ ಅದರ ವಯಸ್ಸೇ ಬೆಲೆಯನ್ನು ನಿರ್ಧರಿಸುತ್ತದೆ.

ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರು ಸ್ವಂತ ದುಡ್ಡಿನಲ್ಲಿ ಹಾಕಿಸಿಕೊಂಡ ಫ್ಯಾನು, ಗೀಸರುಗಳನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ. ಅಪಾರ್ಟ್‌ಮೆಂಟಿನಲ್ಲಿ ಇಂಟರ್‌ಕಾಮ್, ಕೊಳವೆ ಅನಿಲದ ಮೀಟರ್, ಜನರೇಟರ್ ಸಂಪರ್ಕದ ಪೆಟ್ಟಿಗೆ ಇವು ಸಂಘದ್ದೋ ಕಂಪನಿಯದ್ದೋ ಆಗಿರುತ್ತವೆ.

ದೇವರಮನೆ, ಉಯ್ಯಾಲೆ ಮತ್ತು ಹಳೆಯ ತೇಗ

ಮನಸ್ತಾಪ ಹೆಚ್ಚಾಗಿ ಹುಟ್ಟುವುದು ಮನಸ್ಸಿಗೆ ಹತ್ತಿರವಾದ ವಸ್ತುಗಳಿಂದ. ನೆಲದ ಮೇಲೆ ಇಟ್ಟ ಮರದ ದೇವರ ಮಂಟಪವನ್ನು ನೀವು ಒಯ್ಯುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ದೇವರಮನೆಯ ಚೌಕಟ್ಟಿಗೆ ಕೂರಿಸಿದ, ಗಂಟೆಗಳಿರುವ ಕೆತ್ತನೆಯ ಬಾಗಿಲು ಮಾತ್ರ ಕಾನೂನಿನ ದೃಷ್ಟಿಯಲ್ಲಿ ಮನೆಯ ಬಾಗಿಲೇ. ಅಜ್ಜಿ ಕೂರುತ್ತಿದ್ದ ಉಯ್ಯಾಲೆಯ ಹಲಗೆ ಮತ್ತು ಹಿತ್ತಾಳೆ ಸರಪಳಿಯನ್ನು ಕಳಚಬಹುದು, ಛಾವಣಿಯಲ್ಲಿ ಹುಗಿದ ಕೊಂಡಿಯನ್ನು ಕಳಚಲಾಗದು. ಕುಂಡದಲ್ಲಿರುವ ತುಳಸಿ ನಿಮ್ಮ ಜೊತೆ ಬರುತ್ತದೆ, ಕಟ್ಟಿದ ಬೃಂದಾವನ ಅಲ್ಲೇ ಉಳಿಯುತ್ತದೆ. ಇವುಗಳಲ್ಲಿ ಯಾವುದನ್ನು ಬಿಟ್ಟಿರಲಾರಿರೋ ಅದನ್ನು ಬೆಲೆ ಮಾತನಾಡುವ ಮೊದಲ ಭೇಟಿಯಲ್ಲೇ ಹೇಳಿ. ಆರಂಭದಲ್ಲಿ ಕೇಳಿದರೆ ಬಹುತೇಕರು ಮರುಮಾತಿಲ್ಲದೆ ಒಪ್ಪುತ್ತಾರೆ, ನೋಂದಣಿಯಾದ ಮೇಲೆ ಕೇಳಿದರೆ ಅದೇ ಜನ ಅನುಮಾನಿಸುತ್ತಾರೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು: ಕೊಳ್ಳುವವರಿಗೆ ಬೇಕಿರುವುದು ಮನೆಯೋ, ನಿವೇಶನವೋ? ನಿವೇಶನಕ್ಕಾಗಿ ಕೊಂಡು ಮನೆ ಕೆಡವಿ ಮಹಡಿಗಳನ್ನು ಎಬ್ಬಿಸುವವರಿಗೆ ನಿಮ್ಮ ತಾತ ಮಾಡಿಸಿದ ತೇಗದ ಬಾಗಿಲು, ಕಂಬ, ಕಿಟಕಿಯ ಚೌಕಟ್ಟುಗಳೆಲ್ಲ ಕೆಡವುವ ಗುತ್ತಿಗೆದಾರನ ಪಾಲಾಗುವ ಸಾಮಾನು. ಅವನ್ನು ನೀವೇ ಬಿಚ್ಚಿಕೊಂಡು ಹೋಗಲು ಅವರು ಸಂತೋಷದಿಂದ ಒಪ್ಪಬಹುದು. ಆದರೆ ಬಾಯಿಮಾತಿನ ಒಪ್ಪಿಗೆ ಸಾಲದು. ಯಾವ ಬಾಗಿಲು, ಯಾವ ಕಂಬ, ಯಾವ ದಿನಾಂಕದೊಳಗೆ, ಯಾರ ಖರ್ಚಿನಲ್ಲಿ ಎಂದು ಕರಾರಿನಲ್ಲಿ ಬರೆಯಿಸಿ. ನಮ್ಮ ನಗರದಲ್ಲಿ ಅಂತಹ ಮರಗೆಲಸ ಮತ್ತೆ ಹುಟ್ಟುವುದು ಕಷ್ಟ, ಆದ್ದರಿಂದ ಈ ಒಂದು ಸಾಲಿನ ಬಗ್ಗೆ ಉದಾಸೀನ ಬೇಡ ಎಂದು ಒತ್ತಿ ಹೇಳುತ್ತೇನೆ. ಅಂಗಳದ ತೆಂಗು, ಮಾವು ಭೂಮಿಯೊಂದಿಗೆ ಹೋಗುತ್ತವೆ. ಮರ ಕಡಿದು ಜಾಗ ಖಾಲಿ ಮಾಡಿಕೊಡುತ್ತೇನೆಂದು ಮಾತ್ರ ಮಾತು ಕೊಡಬೇಡಿ, 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗಬಹುದು.

ಮೂರನೆಯ ಹೆಜ್ಜೆ: ಬೆಲೆ

ಜೋಡಿಸಿದ ವಸ್ತುಗಳ ಬೆಲೆಯನ್ನು ಮನೆಯ ಬೆಲೆಯಲ್ಲೇ ಸೇರಿಸಿ ಹೇಳಿ. ಸೋಫಾ, ಮಂಚ, ಫ್ರಿಜ್‌ಗಳಂತಹ ಬಿಡಿ ಸಾಮಾನುಗಳನ್ನು ಕೊಳ್ಳುವವರು ಕೇಳಿದರೆ ಬೇರೆ ರಸೀದಿ ಬರೆದು, ಅವುಗಳ ಇಂದಿನ ಬೆಲೆಯನ್ನಷ್ಟೇ ನಮೂದಿಸಿ, ಹಣವನ್ನು ಬ್ಯಾಂಕ್ ಮೂಲಕ ಪಡೆಯಿರಿ. ಕೊಳ್ಳುವವರು ಗೃಹಸಾಲ ಪಡೆಯುವುದಾದರೆ ಬ್ಯಾಂಕಿನ ಮೌಲ್ಯಮಾಪಕರು ಮನೆಯ ಬೆಲೆ ಕಟ್ಟುತ್ತಾರೆಯೇ ಹೊರತು ಸೋಫಾದ ಬೆಲೆ ಕಟ್ಟುವುದಿಲ್ಲ. ಆ ಹಣವನ್ನು ಅವರು ಸಾಮಾನ್ಯವಾಗಿ ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಮುದ್ರಾಂಕ ಮತ್ತು ನೋಂದಣಿ ಶುಲ್ಕ ಉಳಿಸಲು ಮನೆಯ ಬೆಲೆಯ ಒಂದು ಪಾಲನ್ನು ಪೀಠೋಪಕರಣದ ಹೆಸರಿನಲ್ಲಿ ತೋರಿಸೋಣ ಎಂಬ ಸಲಹೆ ಇತ್ತೀಚೆಗೆ ಕಿವಿಗೆ ಬೀಳಬಹುದು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ ಆಸೆ ಹುಟ್ಟುವುದು ಸಹಜ. ಅದಕ್ಕೆ ಒಪ್ಪಬೇಡಿ. ಕ್ರಯಪತ್ರದಲ್ಲಿ ಕಾಣಿಸಿದ ಬೆಲೆ ಸರ್ಕಾರ ಆ ಪ್ರದೇಶಕ್ಕೆ ನಿಗದಿಪಡಿಸಿದ ಮಾರ್ಗಸೂಚಿ ಬೆಲೆಗಿಂತ ಕಡಿಮೆಯಿದ್ದರೆ ಶುಲ್ಕವನ್ನು ಮಾರ್ಗಸೂಚಿ ಬೆಲೆಯ ಮೇಲೆಯೇ ಕಟ್ಟಬೇಕಾಗುತ್ತದೆ, ವ್ಯತ್ಯಾಸ ದೊಡ್ಡದಾದರೆ ಮಾರಿದವರ ಆದಾಯ ತೆರಿಗೆಯ ಲೆಕ್ಕವೂ ಅದೇ ಬೆಲೆಯ ಮೇಲೆ ನಡೆಯುತ್ತದೆ.

ನಾಲ್ಕನೆಯ ಹೆಜ್ಜೆ: ಅನುಬಂಧ

ಕ್ರಯದ ಕರಾರಿಗೆ ಒಂದು ಅನುಬಂಧ ಸೇರಿಸಿ, ಮನೆಯಲ್ಲಿ ಉಳಿಯುವವು, ಮಾರುವವರು ಒಯ್ಯುವವು, ಬೇರೆ ಬೆಲೆಗೆ ಕೊಡುವವು ಎಂದು ಕೋಣೆವಾರು ಬರೆಯಿರಿ. ‘ಎಲ್ಲ ವಿದ್ಯುತ್ ಉಪಕರಣಗಳು’ ಎಂಬಂತಹ ಮಾತು ಪ್ರಯೋಜನಕ್ಕೆ ಬಾರದು. ‘ಮಹಡಿಯ ಬಚ್ಚಲುಮನೆ: 15 ಲೀಟರ್ ಗೀಸರ್ 1, 2021ರಲ್ಲಿ ಕೊಂಡದ್ದು, ಕೆಲಸ ಮಾಡುತ್ತಿದೆ’ ಎಂದು ಬರೆದರೆ ಮೂರು ತಿಂಗಳ ನಂತರ ಅದರ ಜಾಗದಲ್ಲಿ ಬೇರೆ ಗೀಸರ್ ಇದ್ದರೆ ತಕ್ಷಣ ತಿಳಿಯುತ್ತದೆ. ಕೆಟ್ಟಿರುವುದನ್ನು ಕೆಟ್ಟಿದೆ ಎಂದೇ ಬರೆಯಿರಿ. ಪ್ರತಿಯೊಂದರ ಫೋಟೊ ತೆಗೆದು, ಅನುಬಂಧದ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ.

ಕರಾರಿಗೂ ಕ್ರಯಪತ್ರದ ನೋಂದಣಿಗೂ ನಡುವೆ ಸಾಲ ಮಂಜೂರಾತಿ, ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಎಂದು ತಿಂಗಳುಗಳೇ ಕಳೆಯಬಹುದು. ಆ ಅವಧಿಯಲ್ಲಿ ಆಸ್ತಿಯನ್ನು ವಿವೇಕವುಳ್ಳ ಮಾಲೀಕರಂತೆ ನೋಡಿಕೊಳ್ಳುವ ಹೊಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಮಾರುವವರ ಮೇಲೆ ಹೊರಿಸುತ್ತದೆ. ಹಾಗಿದ್ದರೂ ಆ ನಡುವೆ ಮೋಟರ್ ಸುಟ್ಟುಹೋದರೆ ಸರಿಪಡಿಸುವವರು ಯಾರು ಎಂಬುದನ್ನು ಅನುಬಂಧದಲ್ಲೇ ಬರೆದಿಡುವುದು ಲೇಸು.

ಕೊನೆಯ ಹೆಜ್ಜೆ: ಬೀಗದ ಕೈ ಕೊಡುವ ಮುನ್ನ

ಬೇಡವಾದ ಹಾಸಿಗೆ, ಕೆಟ್ಟ ಟಿ.ವಿ., ಒಣಗಿದ ಬಣ್ಣದ ಡಬ್ಬಗಳನ್ನು ‘ಅವರಿಗೆ ಉಪಯೋಗಕ್ಕೆ ಬಂದೀತು’ ಎಂದು ಅಟ್ಟದ ಮೇಲೆ ಬಿಟ್ಟುಹೋಗಬೇಡಿ. ಕೊಳ್ಳುವವರನ್ನು ಕೇಳಿ, ಬೇಡವೆಂದರೆ ನೀವೇ ವಿಲೇವಾರಿ ಮಾಡಿ. ಕೆಟ್ಟ ವಿದ್ಯುತ್ ಉಪಕರಣಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ಸಿಸಿಟಿವಿ ಕ್ಯಾಮೆರಾ ಮತ್ತು ಡಿಜಿಟಲ್ ಬೀಗಗಳನ್ನು ಬಿಡುವುದಾದರೆ ನಿಮ್ಮ ಫೋನಿನಿಂದ ಅವುಗಳ ಸಂಪರ್ಕ ಕಡಿದು, ಹಳೆಯ ದೃಶ್ಯಗಳನ್ನೂ ಪಾಸ್‌ವರ್ಡನ್ನೂ ಅಳಿಸಬೇಕು. ಮಾರಿದ ಮೇಲೂ ಬೇರೆಯವರ ಮನೆಯಂಗಳ ನಿಮ್ಮ ಫೋನಿನಲ್ಲಿ ಕಾಣುತ್ತಿರುವುದು ಸರಿಯಲ್ಲ. ಹಸ್ತಾಂತರದ ದಿನ ಅನುಬಂಧವನ್ನು ಕೈಯಲ್ಲಿ ಹಿಡಿದು ಕೊಳ್ಳುವವರೊಂದಿಗೆ ಮನೆ ಸುತ್ತಿ, ಪ್ರತಿ ಸ್ವಿಚ್ ಹಾಕಿ, ಪ್ರತಿ ನಲ್ಲಿ ತಿರುಗಿಸಿ, ಮೋಟರ್ ಓಡಿಸಿ ತೋರಿಸಿ. ಗೇಟ್ ವಾಲ್ವುಗಳು ಎಲ್ಲಿವೆ, ಕಾವೇರಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬೋರ್‌ವೆಲ್ ಸ್ಟಾರ್ಟರ್ ಯಾವುದು ಎಂಬುದನ್ನು ತಿಳಿಸಿ. ಉಪಕರಣಗಳ ಬಿಲ್ಲು, ವಾರಂಟಿ ಕಾರ್ಡು, ರಿಮೋಟುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಕೊಡಿ. ವಿದ್ಯುತ್ ಮತ್ತು ನೀರಿನ ಮೀಟರುಗಳ ಅಂದಿನ ರೀಡಿಂಗನ್ನು ಅನುಬಂಧದ ಕೆಳಗೆ ಬರೆದು, ಕೊಟ್ಟ ಬೀಗದ ಕೈಗಳ ಸಂಖ್ಯೆಯನ್ನೂ ನಮೂದಿಸಿ, ಇಬ್ಬರೂ ಮತ್ತೊಮ್ಮೆ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.