ಹಾರಾಟ ಬೋಧಕರಾಗುವುದು ಹೇಗೆ: ಲೈಸೆನ್ಸಿನಿಂದ ರೇಟಿಂಗ್‌ವರೆಗೆ

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಇನ್ನೊಬ್ಬರಿಗೆ ಹಾರಾಟ ಕಲಿಸುವ ಅಧಿಕಾರ ಬರುವುದಿಲ್ಲ. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ತರಬೇತಿ ಪಡೆದು, ಅಲ್ಲಿಯೇ ಬೋಧಕರಾಗಿ ಮುಂದುವರಿಯಬೇಕೆಂದು ಬಯಸುವ ಮೈಸೂರು, ಮಂಡ್ಯದ ಯುವ ಪೈಲಟ್‌ಗಳು ಮೊದಲು ತಿಳಿಯಬೇಕಾದದ್ದು ಇದನ್ನೇ. ಕಲಿಸುವ ಅಧಿಕಾರವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಲೈಸೆನ್ಸಿನ ಮೇಲೆ ಪ್ರತ್ಯೇಕ ರೇಟಿಂಗ್ ಆಗಿ ನೀಡುತ್ತದೆ. ಇದರಲ್ಲಿ ಎರಡು ಹಂತಗಳಿವೆ: ಸಹಾಯಕ ಹಾರಾಟ ಬೋಧಕ ಮತ್ತು ಹಾರಾಟ ಬೋಧಕ. ಸಹಾಯಕ ಬೋಧಕರು ಹಿರಿಯ ಬೋಧಕರ ಮೇಲ್ವಿಚಾರಣೆಯಲ್ಲಿ ಮಾತ್ರ ಕಲಿಸಬಹುದು. ಆ ಹಂತದಲ್ಲಿ ಅನುಭವ ಗಳಿಸಿದ ಮೇಲೆಯೇ ಎರಡನೆಯ ಹಂತಕ್ಕೆ ಅರ್ಜಿ ಹಾಕಲು ಸಾಧ್ಯ.

ಎರಡೂ ಹಂತಗಳಿಗೆ ಬೇಕಾದ ಹಾರಾಟದ ಗಂಟೆಗಳು ಮತ್ತು ಪರೀಕ್ಷೆಗಳ ವಿವರ 1937ರ ವಿಮಾನ ನಿಯಮಗಳ ಎರಡನೆಯ ಶೆಡ್ಯೂಲ್‌ನಲ್ಲಿದೆ. ಅದರ ಇತ್ತೀಚಿನ ತಿದ್ದುಪಡಿಯನ್ನು ಡಿಜಿಸಿಎ ಜಾಲತಾಣದಲ್ಲಿ ಓದಿಯೇ ಲೆಕ್ಕ ಹಾಕಿಕೊಳ್ಳಿ. ಹಾಸ್ಟೆಲಿನಲ್ಲಿ ಕೇಳಿದ ಸಂಖ್ಯೆಗಳನ್ನು ನಂಬಿ ಹಣ ಕಟ್ಟಬೇಡಿ. ಲೈಸೆನ್ಸ್ ಜೊತೆಗೆ ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರವೂ ಚಾಲ್ತಿಯಲ್ಲಿರಬೇಕು. ಅದರ ಅವಧಿ ಮುಗಿದ ದಿನದಿಂದ ಲೈಸೆನ್ಸಿನ ಅಧಿಕಾರವನ್ನು ಬಳಸುವಂತಿಲ್ಲ.

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಲಾಗ್‌ಬುಕ್ಕಿನಲ್ಲಿ. ಬೋಧಕರೊಡನೆ ಹಾರಿದ ಹೊತ್ತು ಡ್ಯುಯಲ್ ಅಂಕಣಕ್ಕೆ ಹೋಗುತ್ತದೆ, ಒಬ್ಬರೇ ಹಾರಿದ್ದು ಪೈಲಟ್-ಇನ್-ಕಮಾಂಡ್ ಅಂಕಣಕ್ಕೆ. ಪ್ರತಿ ಪುಟದ ಕೆಳಗಿನ ಮೊತ್ತವು ಮುಂದಿನ ಪುಟದ ಆರಂಭದ ಮೊತ್ತಕ್ಕೆ ತಾಳೆಯಾಗಬೇಕು, ಮತ್ತು ನೀವು ಬರೆದ ಪ್ರತಿ ಹಾರಾಟವೂ ತರಬೇತಿ ಸಂಸ್ಥೆಯ ದಾಖಲೆಯಲ್ಲಿ ಅದೇ ದಿನಾಂಕ, ಅದೇ ವಿಮಾನ, ಅದೇ ಅವಧಿಯೊಂದಿಗೆ ಸಿಗಬೇಕು. ಸಂಸ್ಥೆಯನ್ನು ಬಿಡುವ ಮೊದಲೇ ಮುಖ್ಯ ಬೋಧಕರಿಂದ ಪುಟಗಳನ್ನು ದೃಢೀಕರಿಸಿಕೊಳ್ಳಿ; ವರ್ಷಗಳ ನಂತರ ಆ ಸಹಿಗಾಗಿ ಅಲೆಯುವುದು ಬಹಳ ಕಷ್ಟ. ಹಾರದ ಗಂಟೆಗಳನ್ನು ಬರೆದವರ ಲೈಸೆನ್ಸ್ ಅಮಾನತಾಗಬಹುದು, ರದ್ದೂ ಆಗಬಹುದು.

ಬೋಧಕರ ತರಬೇತಿಯಲ್ಲಿ ನೀವು ಬಲಬದಿಯ ಸೀಟಿಗೆ ಬರುತ್ತೀರಿ. ಅಲ್ಲಿಂದ ರನ್‌ವೇ ಕಾಣುವ ಕೋನವೇ ಬೇರೆ, ಎಂಜಿನ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಹಿಡಿಯುವ ಕೈಯೂ ಬೇರೆ. ಅದಕ್ಕಿಂತ ಕಠಿಣವಾದದ್ದು ಹಾರಿಸುತ್ತಲೇ ವಿವರಿಸುವುದು, ಬೋಧಕರು ಪ್ಯಾಟರ್ ಎಂದು ಕರೆಯುವ ಮಾತುಗಾರಿಕೆ. ಸ್ಟಾಲ್, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವ ಸ್ಥಿತಿಯನ್ನು ಕಲಿಸುವಾಗ ಮೂಗು ಎತ್ತಿದ್ದು, ವೇಗ ಇಳಿದದ್ದು, ಕಂಟ್ರೋಲ್ ಸಡಿಲವಾದದ್ದು, ಎಚ್ಚರಿಕೆಯ ಸದ್ದು, ಇವೆಲ್ಲ ಘಟಿಸುವ ಕ್ಷಣದಲ್ಲಿಯೇ ನಿಮ್ಮ ಬಾಯಲ್ಲಿ ಬರಬೇಕು. ಒಂದು ಕ್ಷಣ ತಡವಾದರೂ ವಿದ್ಯಾರ್ಥಿ ಲಕ್ಷಣವನ್ನು ತಪ್ಪಾಗಿ ಗುರುತಿಸುತ್ತಾನೆ. ಆದ್ದರಿಂದ ಪ್ರತಿ ಪಾಠದ ಪ್ಯಾಟರನ್ನೂ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು, ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಹಾರಾಟಕ್ಕೆ ಮುನ್ನ ನೆಲದ ಮೇಲೆ ಕನ್ನಡದಲ್ಲಿ ವಿವರಿಸುವುದರಲ್ಲಿ ತಪ್ಪಿಲ್ಲ. ಅದು ಒಳ್ಳೆಯದೆಂದೇ ನಾನು ನಂಬಿದ್ದೇನೆ. ರೇಡಿಯೋ ಸಂಭಾಷಣೆಯ ನಿಗದಿತ ಪದಗಳನ್ನು ಮಾತ್ರ ಮೊದಲ ದಿನದಿಂದಲೂ ಇಂಗ್ಲಿಷಿನಲ್ಲಿಯೇ ರೂಢಿಸಿ.

ವಿದೇಶದಲ್ಲಿ ಬೋಧಕರ ಪ್ರಮಾಣಪತ್ರ ಪಡೆದವರು ಅದು ಇಲ್ಲಿ ತಾನಾಗಿಯೇ ನಡೆಯುತ್ತದೆಂದು ಭಾವಿಸಬಾರದು. ಮೊದಲು ಲೈಸೆನ್ಸನ್ನು ಭಾರತೀಯ ಲೈಸೆನ್ಸಾಗಿ ಪರಿವರ್ತಿಸಿಕೊಳ್ಳಬೇಕು. ಅದಕ್ಕೆ ಡಿಜಿಸಿಎ ಪರೀಕ್ಷೆಗಳಲ್ಲಿ ಶೇ. 70 ಅಂಕ ಬೇಕು, ಮತ್ತು ಲೈಸೆನ್ಸ್ ನೀಡಿದ ದೇಶದ ಪ್ರಾಧಿಕಾರದಿಂದ ಅದರ ಸಾಚಾತನ ದೃಢಪಡಬೇಕು. ಈ ಪತ್ರವ್ಯವಹಾರ ನಿಧಾನವಾಗಿ ಸಾಗುವುದರಿಂದ ಊರಿಗೆ ಮರಳುವ ಮೊದಲೇ ಆರಂಭಿಸಿ.

ಕೊನೆಯ ಅರ್ಜಿಯನ್ನು ಡಿಜಿಸಿಎಯ ಆನ್‌ಲೈನ್ ಸೇವೆಯಾದ ಇ-ಜಿಸಿಎ ಪೋರ್ಟಲ್ ಮೂಲಕ ಸಲ್ಲಿಸಬೇಕು. ಹತ್ತನೆಯ ತರಗತಿಯ ಅಂಕಪಟ್ಟಿ, ಪಾಸ್‌ಪೋರ್ಟ್ ಮತ್ತು ಲೈಸೆನ್ಸಿನಲ್ಲಿ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ಅದಕ್ಕೆ ಮುಂಚೆಯೇ ನೋಡಿಕೊಳ್ಳಿ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲಾಗಿ ಸೇರುವುದರಿಂದ ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿರುವುದು ಸಾಮಾನ್ಯ.